ಮುಕ್ಕಣ್ಣ ಫೋನು, ಜವಾರಿ ಮೆಣಸಿನಕಾಯಿ

ನನ್ನ ಮೈದುನ ಹೊಸಾ ಫೋನ್ ತಂದ ದಿನ ಅದನ್ನ ಮೊದಲ ದೇವರ ಜಗಲಿ ಮ್ಯಾಲ ಇಟ್ಟು, ಊದಿನಕಡ್ಡಿ ಬೆಳಗಿ, ಆಮ್ಯಾಲ ನಮಗ ತೋರಿಸಿದ. ಅದರ ಬೆನ್ನಿಗೆ ಮೂರು ಕ್ಯಾಮೆರಾ ಇದ್ದವು. "ನೋಡ್ರಿ ವೈನಿ, ಇದಕ್ಕ ಮೂರು ಕಣ್ಣು. ನಿಮ್ಮದಕ್ಕ ಎರಡ," ಅಂದ. ನಾ ಜ್ವಾಳದ ಹಿಟ್ಟು ನಾದಾಕತ್ತಿದ್ದೆ. "ಲೇ, ನನಗೂ ದೇವರು ಎರಡ ಕೊಟ್ಟಾನ. ಆ ಎರಡರಾಗನ ಹೆಣ್ಣು ನೋಡಿ ನಿನ್ನ ಮದಿವಿ ಮಾಡೇನಿ, ಹೋಗು," ಅಂದೆ. ಅವತ್ತಿನಿಂದ ಅಂವನ ಫೋನಿಗೆ ಮುಕ್ಕಣ್ಣ ಅಂತ ಹೆಸರು ಬಿತ್ತು. ನಾ ಚ್ಯಾಷ್ಟಿ ಮಾಡಾಕ ಇಟ್ಟ ಹೆಸರು, ಅಂವ ಅದನ್ನ ಬಿರುದು ಅಂತ ತಿಳಕೊಂಡು ಊರ ತುಂಬ ಹೇಳಿಕೊಂಡು ಬಂದ.

ನಾ ಈ ಮನಿಗೆ ಸೊಸಿಯಾಗಿ ಬಂದಾಗ ಅಂವ ಇನ್ನೂ ಕನ್ನಡ ಸಾಲಿಗೆ ಹೋಗತಿದ್ದ. ಅಂವನ ಅಂಗಿ ಗುಂಡಿ ಹಚ್ಚಿದಾಕಿ ನಾನು. ಅದಕ್ಕ ಅಂವಗ ನಾ ಲೇ ಅಂತೀನಿ, ಅಂವ ನನಗ ರೀ ಅಂತಾನ. ಈಗ ಅಂವನ ಮೀಸಿಯಾಗ ಬಿಳಿ ಕೂದಲ ಬಂದಾವ, ಆದರೂ ಆ ಲೇ ಹೋಗಿಲ್ಲ. ಕುಬಿಹಾಳದಾಗ ನಮ್ಮದು ಕರಿ ಮಣ್ಣಿನ ಎರಿ ಹೊಲ. ಅಣ್ಣ ತಮ್ಮ ಬ್ಯಾರೆ ಆಗಿಲ್ಲ. ಮನಿ ಒಂದ, ಒಲಿ ಒಂದ, ಹೊಲಾ ಒಂದ. ಬ್ಯಾರೆ ಇದ್ದದ್ದು ಫೋನ್ ಅಷ್ಟ.

ನನ್ನ ಫೋನ್ ಬ್ಯಾರೆ ಕಂಪನಿದು. ಎಮ್ಮಿ ಹಾಲು ಡೇರಿಗೆ ಹಾಕಿ ಕೂಡಿಸಿದ ರೊಕ್ಕ ತಗೊಂಡು ನಾನ ಗುಡಗೇರಿ ಸಂತಿಗೆ ಹೋಗಿ, ಅಂಗಡಿಯವನ ತಲಿ ತಿಂದು ಆರಿಸಿ ತಂದಿದ್ದೆ. ಅದರ ಬ್ಯಾಟರಿ ಅಂದ್ರ ಬ್ಯಾಟರಿ. ಊರಾಗ ಕರೆಂಟ್ ಹೋಗಿ ಮುಕ್ಕಣ್ಣ ಸುಸ್ತಾಗಿ ಬಿದ್ದಾಗ, ನಾ ಬೇಕಂತನ ಪಡಸಾಲಿಯಾಗ ಕುಂತು ಜೋರಾಗಿ ಭಜನಿ ಹಚ್ಚತಿದ್ದೆ. ಮೈದುನ ಒಳಗಿಂದ ಹೊರಗ, ಹೊರಗಿಂದ ಒಳಗ ಅಡ್ಡಾಡತಿದ್ದ. "ಯಾಕೋ, ನಿಮ್ಮ ಸ್ವಾಮಿ ಯೋಗನಿದ್ದಿಗೆ ಹೋದನೇನು?" ಅಂತ ಕೇಳತಿದ್ದೆ.

ಆ ಎರಡೂ ಕಂಪನಿಯವರು ಎಲ್ಲಿ ಕುಂತಿದ್ರೋ, ಅವರ ನಡುವ ಖರೇನ ಏನ ಜಗಳ ಇತ್ತೋ ನಮಗ ಗೊತ್ತಿಲ್ಲ. ಆದರ ಅವರ ಪರವಾಗಿ ಜಗಳಾಡಾಕ ನಮ್ಮೂರಾಗ ಮಂದಿ ತಯಾರಿದ್ರು. ಅಗಸಿ ಕಟ್ಟಿ ಮ್ಯಾಲ ಮುಕ್ಕಣ್ಣನ ಪಕ್ಷ ಒಂದು, ಬ್ಯಾಟರಿ ಪಕ್ಷ ಒಂದು. ಹೆಣಮಕ್ಕಳ ಸಂಘದಾಗೂ ಹಂಗ. ಗ್ರಾಮ ಪಂಚಾಯ್ತಿ ಇಲೆಕ್ಷನ್ನಿನಾಗ ಆಗದ ವಾದ ಕ್ಯಾಮೆರಾ ಸಲುವಾಗಿ ಆಗತಿತ್ತು. ಗುಡಗೇರಿ ಅಂಗಡಿಯಾಂವ ಎರಡೂ ಕಂಪನಿದು ಮಾರತಿದ್ದ. ನಾ ಹೋದ್ರ, "ನಿಮ್ಮದನ ಛಲೋ ಬಿಡ್ರಿ ಅಕ್ಕಾರ," ಅಂತಿದ್ದ. ನನ್ನ ಹಿಂದ ಮೈದುನ ಹೋದ್ರ ಅಂವಗೂ ಅದ ಮಾತು.

ತಮಾಷಿ ಅಂದ್ರ, ಒಳಗ ಎರಡೂ ಆಂಡ್ರಾಯ್ಡ್. ಒಂದ ಸಲ ಮೈದುನಗ ಹೊಸಾ ಆಂಡ್ರಾಯ್ಡ್ ಮೊದಲ ಬಂತು. "ನಮಗ ಬಂತು, ನಿಮಗಿನ್ನೂ ಇಲ್ಲ" ಅಂತ ಹೋಳಿಗಿ ಹಂಚಿದಾಂಗ ಮಾಡಿದ. ಸ್ವಲ್ಪ ದಿನಕ್ಕ ನನ್ನ ಫೋನಿಗೂ ಬಂತು. ನೋಡಿದ್ರ ಅವ ಗುಂಡಿ, ಅವ ಮಾತು, ಮ್ಯಾಲಿಂದ ಎಳದ್ರ ಅದ ಪರದೆ. ಹಿಟ್ಟು ಒಂದ, ರೊಟ್ಟಿ ಬಡಿಯೋ ಕೈ ಬ್ಯಾರೆ, ಇಷ್ಟ ವ್ಯತ್ಯಾಸ ಅಂತ ನನಗ ಅವತ್ತ ತಿಳಿದಿತ್ತು. ತಿಳಿದ್ರೇನ ಮಾಡೂದು, ಬಡಿಯೋ ಕೈ ನಂದ ಛಲೋ ಅನ್ನೂದು ಬಿಡಾಕ ಆಗತಿದ್ದಿಲ್ಲ.

ಇಷ್ಟ ಆಗಿದ್ರ ನಕ್ಕು ಬಿಡಬಹುದಿತ್ತು. ಆದರ ಆ ವರ್ಷ ಈ ಜಗಳದಾಗ ನಮ್ಮ ಅತ್ತಿಯ ಗಡಿಗಿ ಬಂದು ಸಿಕ್ಕೊಂಡಿತು.

ನಮ್ಮ ಅತ್ತಿ ಒಂದು ಮಣ್ಣಿನ ಗಡಿಗಿಯಾಗ ಜವಾರಿ ಮೆಣಸಿನಕಾಯಿ ಬೀಜ ಬೂದಿಯಾಗ ಕಲಸಿ ಇಡತಾರ. ಅವರ ಅತ್ತಿ ಅವರಿಗೆ ಕೊಟ್ಟದ್ದು. ಕಾಯಿ ಸುಕ್ಕಗಟ್ಟಿದ ತೊಗಲಿಂದು, ಖಾರ ಕಡಿಮಿ, ಬಣ್ಣ ಮಾತ್ರ ಅಗದಿ ದಟ್ಟ. ಎರಡು ಕಾಯಿ ಹಾಕಿದ್ರ ಸಾರಿನ ಬೋಗೋಣಿ ಕೆಂಪಾಗತೈತಿ. ಮೊದಲ ಪೂರ್ತಿ ಹೊಲ ಅದ ಇತ್ತು. ಮೈದುನ ಹೈಬ್ರಿಡ್ ಬೀಜ ತಂದ ಮ್ಯಾಲ ಅದು ಸರಕೊಂತ ಸರಕೊಂತ ಒಡ್ಡಿನ ಬಾಜೂಕ ಒಂದು ತುಂಡಿಗೆ ಬಂದು ನಿಂತಿತ್ತು. ಆ ತುಂಡು ನಾ ನೋಡಕೊಳ್ಳತಿದ್ದೆ. ಕಳೆ ತಗಿಯೂದು ನಾನು, ಕಾಯಿ ಬಿಡಿಸೂದು ನಾನು, ಬೀಜಕ್ಕ ಆರಸೂದು ಅತ್ತಿ. ಬ್ಯಾರೆಯವರು ಆರಿಸಿದ್ರ ಅವರ ಮನಸ್ಸು ಒಪ್ಪತಿದ್ದಿಲ್ಲ.

ಮೆಣಸಿನಕಾಯಿ ಬಿಡಿಸಿ ಕಣದಾಗ ಒಣಗಾಕ ಹಾಕಿದಾಗ, ಸಂಘದ ಹೆಣಮಕ್ಕಳ ಮೂಲಕ ಒಂದು ಸುದ್ದಿ ಬಂತು. ಹುಬ್ಬಳ್ಳಿಯಾಗ ಮಸಾಲಿ ಪುಡಿ ಮಾಡಿ ಮಾರೋ ಒಬ್ಬ ಅಕ್ಕಾರು ದಲಾಲರನ್ನ ಬಿಟ್ಟು ಸೀದಾ ರೈತರ ಮನಿಯಿಂದ ಮೆಣಸಿನಕಾಯಿ ತಗೋತಾರಂತ. ಅವರಿಗೆ ಬಣ್ಣ ಬೇಕು. ಊರೂರು ತಿರಗಾಕ ಆಗೂದಿಲ್ಲ, ಮೊದಲ ವಾಟ್ಸಾಪಿಗೆ ಫೋಟೋ ಹಾಕ್ರಿ, ನೋಡಿ ಬರ್ತೀನಿ, ಒಂದ ಮನಿ ಮಾಲು ಹಿಡಿದ್ರ ಮುಂದ ವರ್ಷಾ ವರ್ಷಾ ಅಲ್ಲೇ ತಗೋತೀನಿ ಅಂದಿದ್ರು.

ಊಟಕ್ಕ ಕುಂತಾಗ ಮೈದುನ ಅಂದ, "ಮುಂದಿನ ವರ್ಷ ಆ ಒಡ್ಡಿನ ತುಂಡೂ ಹೈಬ್ರಿಡ್ ಹಾಕೂಣು. ಜವಾರಿ ಜವಾರಿ ಅಂತ ಎಷ್ಟ ದಿನ ಹಿಡಕೊಂಡು ಕೂಡೂದು."

ನನಗ ಸಿಟ್ಟು ಬಂತು. "ಆ ಅಕ್ಕಾರು ನಮ್ಮ ಜವಾರಿ ಆರಿಸಿದ್ರ?" ಅಂದೆ.

ನಮ್ಮ ಮನಿಯವರು ಜಗಳ ಅಂದ್ರ ಅಂಜೋ ಮನುಷ್ಯಾ. ಇಬ್ಬರ ಬಾಯಿ ಮುಚ್ಚಸಾಕ ಅಂತ, "ಅವರು ಯಾವದು ಒಯ್ತಾರೋ ಮುಂದಿನ ವರ್ಷ ಪೂರ್ತಿ ಹೊಲ ಅದ ಆಗಲಿ. ಇನ್ನೊಂದರ ಬೀಜ ಮನಿಯಾಗ ಬ್ಯಾಡ. ಆತಿಲ್ಲೋ?" ಅಂದ್ರು.

"ಆತು," ಅಂದ ಮೈದುನ.

ನಾನೂ "ಆತು" ಅಂದೆ. ಅಂದ ಮ್ಯಾಲ ಗಡಿಗಿ ನೆಪ್ಪಾತು. ಜವಾರಿ ಬೀಜ ಬಿತ್ತದ ಇಟ್ಟರ ಕಸುವು ಹೋಗತೈತಿ. ಒಮ್ಮಿ ತಪ್ಪಿದ್ರ ಪ್ಯಾಟಿಯಾಗ ಹುಡಕಿದ್ರೂ ಸಿಗೂದಿಲ್ಲ. ಅತ್ತಿ ಗಂಗಾಳ ತೊಳದಿಟ್ಟು ಹೋಗಿ, ಗಡಿಗಿಯನ್ನ ಕಟ್ಟಿಗಿ ಪೆಟ್ಟಿಗಿಯ ಹಿಂದಕ ಇನ್ನಷ್ಟ ಸರಿಸಿದ್ರು. ಅದನ್ನ ನೋಡಿ ನನಗ ಖರೇನ ಅಂಜಿಕಿ ಆತು. ನನ್ನ ಬಾಯಿಗೆ ಬೆಂಕಿ ಹಾಕಲಿ ಅಂತ ನನಗ ನಾನ ಬೈಕೊಂಡೆ.

ಮರುದಿನ ಇಬ್ಬರೂ ಫೋಟೋ ತಗದ್ವಿ. ಕಣದಾಗ ನೀಲಿ ತಾಡಪಾಲ ಹಾಸಿ ಅದರ ಮ್ಯಾಲ ಕಾಯಿ ಹರಿವಿದ್ವಿ, ಈ ಕಡೆ ಜವಾರಿ, ಆ ಕಡೆ ಹೈಬ್ರಿಡ್. ಮುಕ್ಕಣ್ಣ ತಗದ ಫೋಟೋ ನೋಡಿದ್ರ ಹೈಬ್ರಿಡ್ ಕಾಯಿ ಅಗದಿ ಕುಂಕುಮ ಕಂಡಾಂಗ ಕಾಣತಿತ್ತು. ನನ್ನ ಫೋನಿನಾಗ ನನ್ನ ಜವಾರಿ ಕಪ್ಪಗ, ತಂಬಾಕಿನ ಎಲಿ ಒಣಗಿದಾಂಗ. ಬಿಸಲಿಗೆ ಹಿಡದೆ, ನೆರಳಿಗೆ ಹಿಡದೆ, ಕ್ಯಾಮೆರಾ ಸೆರಗಿಲೆ ಒರಸಿದೆ. ಏನ ಮಾಡಿದ್ರೂ ಅದ. ಕಡೀಕ ಹಟಕ್ಕ ಬಿದ್ದು ಅದನ್ನ ಕಳಿಸಿದೆ.

ಅಕ್ಕಾರು ಮೈದುನಗ ಬರದ್ರು: ಬಣ್ಣ ಭಾಳ ಚಂದ ಐತ್ರಿ, ಮುಂದಿನ ವಾರ ನೋಡಾಕ ಬರ್ತೀನಿ. ನನಗ ಬರದ್ರು: ಇದು ಹೋದ ವರ್ಷದ ಮಾಲೇನ್ರಿ?

ಹೋದ ವರ್ಷದ್ದು ಅಂತ. ಮೊನ್ನಿ ಮೊನ್ನಿ ಗಿಡದಿಂದ ಬಿಡಿಸಿದ್ದು, ಇನ್ನೂ ನನ್ನ ಕೈಬಟ್ಟಿಂದ ಅದರ ಘಾಟು ಹೋಗಿರಲಿಲ್ಲ. ಅವರ ಮ್ಯಾಲ ಸಿಟ್ಟು ಬರಲಿಲ್ಲ, ನನ್ನ ಫೋನಿನ ಮ್ಯಾಲ ಬಂತು. ಎಷ್ಟ ಸಾಕಿದ್ರೂ ಹೊತ್ತಿಗೆ ಕೈ ಕೊಡ್ತಲ್ಲ ಅಂತ ಅದನ್ನ ಹಾಸಿಗಿ ಮ್ಯಾಲ ಒಗದೆ. ನೆಲದ ಮ್ಯಾಲ ಒಗಿಯೋವಷ್ಟ ಸಿಟ್ಟು ಇತ್ತು, ಆದರ ಎಮ್ಮಿ ನೆಪ್ಪಾತು.

ಮೈದುನಗ ಗೆದ್ದ ಮ್ಯಾಲ ಉದಾರಬುದ್ಧಿ ಬಂತು. "ತಡೀರಿ ವೈನಿ, ನಿಮ್ಮ ಜವಾರಿನೂ ಮುಕ್ಕಣ್ಣನ ಕಡಿಂದ ತಗದು ತೋರಸ್ತೀನಿ," ಅಂತ ನನ್ನ ರಾಶಿಯ ಫೋಟೋ ತಗದ. ಏನ ಹೇಳಲಿ, ನನ್ನ ಜವಾರಿನೂ ಅಗದಿ ಅದ ಕುಂಕುಮ. ನಾ ಅಂವನ ಕೈಯಾಗಿನ ಫೋನ್ ಕಸಕೊಂಡು ಎರಡೂ ಫೋಟೋ ಹಿಂದ ಮುಂದ ಸರಿಸಿ, "ಇವೆರಡರಾಗ ನಿಂದು ಯಾವದೋ?" ಅಂತ ಕೇಳಿದೆ. ಅಂವ ಕಣ್ಣು ಕಿರಿದು ಮಾಡಿ ನೋಡಿ ನನ್ನ ಜವಾರಿಗೆ ಬಟ್ಟ ತೋರಿಸಿದ. "ಶಾಣ್ಯಾ ಅದಿ," ಅಂದೆ, "ನಿನ್ನ ಬೆಳಿ ನಿನಗ ಗುರ್ತ ಹತ್ತಲಿಲ್ಲ." ಅಂವನ ಮುಖ ಸಣ್ಣದಾತು. ಆದರ ಅಕ್ಕಾರು ಬರತೀನಂದದ್ದು ಅಂವನ ಮಾಲಿಗೆ. ನಕ್ಕು ಏನ ಬಂತು.

ಅಷ್ಟರಾಗ ರಾಶಿಪೂಜಿ ಬಂತು. ನಮ್ಮ ಮನಿಯಾಗ ಯಾವ ಬೆಳಿ ಬಂದ್ರೂ ಕಣದಿಂದ ಎತ್ತೋಕಿಂತ ಮೊದಲ ರಾಶಿಗೆ ಪೂಜಿ ಮಾಡತೀವಿ. ರಾಶಿಯ ನೆತ್ತಿ ಮ್ಯಾಲ ಒಂದು ವಿಭೂತಿ ಗಟ್ಟಿ ಇಡತಾರ ಅತ್ತಿ. ಆ ಗಟ್ಟಿ ತಗಿಯೋತನಾ ರಾಶಿ ಯಾರೂ ಮುಟ್ಟೂದಿಲ್ಲ. ಆ ವರ್ಷ ಎರಡು ರಾಶಿ, ಎರಡು ಗಟ್ಟಿ. ಅತ್ತಿ ಹೈಬ್ರಿಡ್ ರಾಶಿಗೂ ಕಡಿಮಿ ಮಾಡಲಿಲ್ಲ, ಅಷ್ಟ ಭಕ್ತಿಯಿಂದ ಇಟ್ಟು ಕೈ ಮುಗದ್ರು. ನನಗ ಒಳಗ ಚುರ್ ಅಂತು, ಆದರ ದೇವರ ಮುಂದ ಏನ ಅನ್ನೂದು.

ಮೈದುನ ಪೂಜಿ ಆದಕೂಡ್ಲೆ ಮುಕ್ಕಣ್ಣನ ಕಡಿಂದ ಫೋಟೋ ತಗದು ಅಕ್ಕಾರಿಗೆ ಕಳಿಸಿದ. ಬ್ಯಾರೆ ಯಾರರೆ ಇದ್ದಿದ್ರ ಗಟ್ಟಿ ಬಾಜೂಕ ಸರಿಸಿ, ಬರೇ ಮೆಣಸಿನಕಾಯಿ ಫೋಟೋ ತಗೀತಿದ್ರು. ನಮ್ಮ ಮನಿತನದಾಗ ಹುಟ್ಟಿದಾಂವ ರಾಶಿ ಮ್ಯಾಲಿನ ವಿಭೂತಿ ಮುಟ್ಟೂದಿಲ್ಲ, ಕೈಯಾಗ ಮುಕ್ಕಣ್ಣ ಇರಲಿ ಬ್ಯಾರೆ ಫೋನ್ ಇರಲಿ.

ನಾವು ಪಡಸಾಲಿಯಾಗ ಪ್ರಸಾದ ತಿನ್ನಾಕತ್ತಿದ್ವಿ. ಅಕ್ಕಾರು ಮಾತಿನ್ಯಾಗನ ಸಂದೇಶ ಕಳಿಸಿದ್ರು. ಎಲ್ಲರೂ ಹೊಗಳಿಕಿ ಕೇಳಲಿ ಅಂತ ಮೈದುನ ದನಿ ಜೋರ ಮಾಡಿ ಹಚ್ಚಿದ.

"ಅಣ್ಣಾರ, ಪೂಜಿ ಚಂದ ಆಗೇತ್ರಿ. ಒಂದು ಮಾತು ಕೇಳತೀನಿ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಕಡೆ ಕೆಂಪು ವಿಭೂತಿ ಹಚ್ಚತಾರೇನ್ರಿ?"

ಅಂವನ ಕೈಯಾಗಿನ ಉಂಡಿ ಕೈಯಾಗ ಉಳೀತು. ನಾ ಬಗ್ಗಿ ಫೋಟೋ ನೋಡಿದೆ. ರಾಶಿ ಮ್ಯಾಲಿನ ವಿಭೂತಿ ಗಟ್ಟಿ ಗುಲಾಬಿ ಬಣ್ಣದ್ದಾಗಿತ್ತು. ಯಾರೋ ಅದಕ್ಕ ಪೌಡರ್ ಬಡದು ಮದಿವಿಗೆ ಕುಂಡ್ರಿಸಿದಾಂಗ. ಅತ್ತಿ ಕನ್ನಡಕ ಏರಿಸಿ ನೋಡಿ, "ಇದೇನೋ ಇದು? ನಾ ಇಟ್ಟ ಈಬತ್ತಿ ಬೆಳ್ಳಗ ಇತ್ತಲ್ಲೋ," ಅಂದ್ರು. ನಮ್ಮ ಕಡೆ ಹಳೀ ಮಂದಿ ವಿಭೂತಿಗೆ ಈಬತ್ತಿ ಅಂತಾರ.

"ಯವ್ವಾ, ನೀ ಸುಮ್ನಿರ ಬೇ," ಅಂದ ಮೈದುನ.

ನನಗ ನಗಿ ತಡಿಯಾಕ ಆಗಲಿಲ್ಲ. ಸೆರಗು ಬಾಯಿಗೆ ಇಟಕೊಂಡು ನಕ್ಕೆ, ಕಣ್ಣಾಗ ನೀರು ಬರೋತನಾ ನಕ್ಕೆ. "ಮೂರು ಕಣ್ಣು ಇದ್ದೂ ವಿಭೂತಿ ಗುರ್ತ ಹತ್ತಲಿಲ್ಲೇನೋ ಇದಕ್ಕ?" ಅಂದೆ. ನಾ ಇನ್ನೂ ನಗತಿರುವಾಗನ ಅಕ್ಕಾರ ಇನ್ನೊಂದು ಸಂದೇಶ ಬಂತು. ಈ ಸಲ ದನಿ ಗಡಸಿತ್ತು. ವಿಭೂತಿನ ಇಷ್ಟ ಕೆಂಪ ಕಂಡ್ರ ಮೆಣಸಿನಕಾಯಿ ಬಣ್ಣ ಹ್ಯಾಂಗ ನಂಬಲಿ, ಬಣ್ಣಾ ಗಿಣ್ಣಾ ಹಾಕೀರೋ, ಫೋಟೋಕ್ಕ ಏನರೆ ಮಾಡೀರೋ ನನಗ ತಿಳೀವಲ್ದು, ನಾ ನಿಮ್ಮೂರಿಗೆ ಬರೂದಿಲ್ಲ ಅಂದ್ರು.

ನಾ ಬಾಯಿಗೆ ಇಟ್ಟ ಸೆರಗು ಇಳಿಸಿದೆ. ಮೆಣಸಿನಕಾಯಿಗೆ ಬಣ್ಣ ಹಾಕ್ಯಾರ ಅನ್ನಿಸಿಕೊಳ್ಳೂದು ನಮ್ಮ ಸೀಮಿಯಾಗ ಹಾಲಿಗೆ ನೀರು ಬೆರಸ್ಯಾರ ಅನ್ನಿಸಿಕೊಂಡದ್ದಕ್ಕಿಂತ ಕೆಟ್ಟದ್ದು. ಅದು ಅಂವಗ ಅಷ್ಟ ಅಂದದ್ದಲ್ಲ, ನಮ್ಮ ಮನಿಗೆ ಅಂದದ್ದು. ಅವರು ಬರಲಿಲ್ಲಂದ್ರ ಹೈಬ್ರಿಡ್ಡೂ ಗೆಲ್ಲೂದಿಲ್ಲ, ಜವಾರಿನೂ ಗೆಲ್ಲೂದಿಲ್ಲ. ಯಾರೂ ಗೆಲ್ಲದಿದ್ರ ಹೊಲ ಈಗ ಹ್ಯಾಂಗೈತೋ ಹಂಗ ಮೈದುನನ ಕಡೆ ವಾಲತೈತಿ, ಗಡಿಗಿ ಹೋಗತೈತಿ. ನನಗ ಇದು ಗೊತ್ತಿತ್ತು. ಅತ್ತಿಗೂ ಗೊತ್ತಿತ್ತು.

ನಾ ನನ್ನ ಫೋನ್ ತಗೊಂಡು ಸೀದಾ ಕಣಕ್ಕ ಹೋಗಿ ನನ್ನ ರಾಶಿ, ಅದರ ಮ್ಯಾಲಿನ ವಿಭೂತಿ ಫೋಟೋ ತಗದೆ. ನನ್ನ ಫೋನರೆ ಖರೇ ಹೇಳತೈತಿ ಅಂತ ಧೈರ್ಯ ಇತ್ತು. ನೋಡಿದ್ರ ನನ್ನ ವಿಭೂತಿ ಮಾಸಲ ನೀಲಿ. ಮೋಡ ಮುಸುಕಿದ ದಿನದ ಬಣ್ಣ. ಮೈದುನ ಬೆನ್ನ ಹಿಂದ ಬಂದು ನಿಂತು ನೋಡಿದ. ಅಂವ ನಗಬಹುದಿತ್ತು, ನಗಲಿಲ್ಲ.

"ಎರಡೂ ಸುಳ್ಳ ಹೇಳತಾವಲ್ರಿ ವೈನಿ," ಅಂದ.

"ಹೌದೋ. ನಿಂದು ಹೊಗಳಿ ಸುಳ್ಳ ಹೇಳತೈತಿ, ನಂದು ಬೈದು ಸುಳ್ಳ ಹೇಳತೈತಿ," ಅಂದೆ.

ಗುಡಗೇರಿ ಅಂಗಡಿಗೆ ಇಬ್ಬರೂ ಕೂಡೇ ಹೋದ್ವಿ, ಅಂವನ ಬೈಕಿನ ಮ್ಯಾಲ. ನಮ್ಮಿಬ್ಬರನ್ನ ಒಂದ ಸಲಕ್ಕ ನೋಡಿ ಅಂಗಡಿಯಾಂವಗ ಫಜೀತಿ ಆತು. ಯಾರದು ಛಲೋ ಅಂತ ಹೇಳಬೇಕು ಪಾಪ. ನಾನ ಅಂದೆ, "ತಮ್ಮಾ, ಇವತ್ತ ಹೊಗಳಬ್ಯಾಡ. ಇವೆರಡೂ ಯಾಕ ಬಣ್ಣ ಬದಲಸ್ತಾವ ಅದನ್ನ ಹೇಳು." ಅಂವ ಸ್ವಲ್ಪ ತಲಿ ಕೆರಕೊಂಡು, "ಒಳಗ ಎರಡೂ ಒಂದ ರೀ ಅಕ್ಕಾರ, ಆಂಡ್ರಾಯ್ಡ್. ಕಂಪನಿಯವರು ಅದರ ಮ್ಯಾಲ ತಮ್ಮ ತಮ್ಮ ಅಲಂಕಾರ ಮಾಡಿ ಮಾರತಾರ. ಫೋಟೋ ತಗದ ಕೂಡ್ಲೆ ತಾವ ಬಣ್ಣ ತಿದ್ದತಾವ. ಮಂದಿಗೂ ಹಂಗ ಬೇಕ್ರಿ, ಮುಖ ಬೆಳ್ಳಗ ಬರಲಿಲ್ಲಂದ್ರ ಫೋನ್ ತಿರಗಿ ತರತಾರ," ಅಂದ. ಕ್ಯಾಮೆರಾದ ಸೆಟ್ಟಿಂಗಿನಾಗ ಹೋಗಿ ಆ ತಿದ್ದೂದನ್ನ ಎರಡರಾಗೂ ಬಂದ್ ಮಾಡಿ ಕೊಟ್ಟ. ಎರಡು ಕಂಪನಿ ಆ ಗುಂಡಿಗೆ ಎರಡು ಹೆಸರು ಇಟ್ಟಿದ್ರು, ಆದರ ಇದ್ದದ್ದು ಹತ್ರ ಹತ್ರ ಒಂದ ಜಾಗಾದಾಗ. "ಇನ್ನ ಆ ನೀಲಿ ತಾಡಪಾಲ ಬಿಡ್ರಿ," ಅಂತನೂ ಅಂದ, "ಅದರ ಬಣ್ಣಕ್ಕ ಕ್ಯಾಮೆರಾ ಮೋಸ ಹೋಗತೈತಿ."

ಮರುದಿನ ಮುಂಜಾನಿ ಬಿಸಲು ಏರೋಕಿಂತ ಮೊದಲ, ಕಣದಾಗ ನಮ್ಮ ಮಾವನ ಕಾಲದ್ದೊಂದು ಬಿಳಿ ಧೋತರ ಹಾಸಿದ್ವಿ. ಈ ಕಡೆ ಒಂದು ಬೊಗಸಿ ಜವಾರಿ, ಆ ಕಡೆ ಒಂದು ಬೊಗಸಿ ಹೈಬ್ರಿಡ್, ನಡುವ ಅತ್ತಿ ತಾವ ರಾಶಿ ಮ್ಯಾಲಿಂದ ತಗದ ವಿಭೂತಿ ಗಟ್ಟಿ. ಅತ್ತಿ ತಮ್ಮ ಕೈಯಾಗ ಇನ್ನೊಂದು ಗಟ್ಟಿ ಹಿಡಕೊಂಡು ಬಾಜೂಕ ಕುಂತ್ರು. ಫೋನಿನಾಗಿನ ವಿಭೂತಿ ತಮ್ಮ ಕೈಯಾಗಿನ ವಿಭೂತಿ ಕಂಡಾಂಗ ಕಾಣೋತನಾ ಫೋಟೋ ಒಪ್ಪೂದಿಲ್ಲ ಅಂತ ಅವರ ಹಟ. ನಾ ತಗದದ್ದು ತೋರಿಸಿದ್ರ, "ಇನ್ನೂ ನೀಲಿ ಐತಿ." ಮೈದುನ ತೋರಿಸಿದ್ರ, "ಇನ್ನೂ ಕೆಂಪ ಐತಿ, ನೆರಳಿಗೆ ಸರಸೋ." ಧೋತರ ಹಿಡಕೊಂಡು ಕಣದಾಗ ಅತ್ತ ಇತ್ತ ಸರದು ಸರದು ನಮ್ಮ ಬೆನ್ನು ಬಿದ್ದು ಹೋತು. ಬೇವಿನ ಗಿಡದ ನೆರಳಿನ ಅಂಚಿಗೆ ಬಂದಾಗ ಅತ್ತಿ ಎರಡೂ ಫೋನ್ ಇಸಕೊಂಡು ನೋಡಿ, "ಈಗ ಬೆಳ್ಳಗ ಆತು," ಅಂದ್ರು.

ನಾ ಎರಡೂ ಫೋನ್ ಬಾಜೂ ಬಾಜೂ ಹಿಡದು ನೋಡಿದೆ. ಮುಕ್ಕಣ್ಣನ ಫೋಟೋ, ನನ್ನ ಫೋಟೋ, ಯಾವದು ಯಾವದರದು ಅಂತ ಹೇಳಾಕ ಬರತಿರಲಿಲ್ಲ. ಎರಡು ವರ್ಷ ನಾವು ಒಬ್ಬರಿಗೊಬ್ಬರು ಅಂದದ್ದೆಲ್ಲಾ ಆ ಅಲಂಕಾರದ ಸಲುವಾಗಿ ಅಂದದ್ದು. ಆದರ ಅದಕ್ಕಿಂತ ದೊಡ್ಡದು ಇನ್ನೊಂದು ಕಂಡಿತ್ತು. ಬೆಳ್ಳನ ವಿಭೂತಿಯ ಈ ಕಡೆ ಜವಾರಿ ಕಾಯಿ ದಟ್ಟಗ, ಒಳಗಿಂದ ಕೆಂಪಾಗಿ, ಮಾಗಿದ ನೇರಲ ಹಣ್ಣಿನ ನೆರಳು ಬಿದ್ದ ಕೆಂಪು. ಆ ಕಡೆ ಹೈಬ್ರಿಡ್, ಇಟ್ಟಂಗಿ ಬಣ್ಣದ್ದು.

ಮೈದುನ ಭಾಳ ಹೊತ್ತು ನೋಡಿದ. ಬೇಕಾದ್ರ ಅಂವ ಆ ಫೋಟೋ ಅಳಿಸಿ ಸುಮ್ಮ ಕೂಡಬಹುದಿತ್ತು. ಅಕ್ಕಾರು ಬರೂದಿಲ್ಲ ಅಂದಾಗಿತ್ತು, ಹೊಲ ಅಂವನ ಕಡೆ ವಾಲತಿತ್ತು. ಅಂವ ನನ್ನ ಮುಂದನ ಅಕ್ಕಾರಿಗೆ ಆ ಫೋಟೋ ಕಳಿಸಿದ. ಕೆಳಗ ತಾನ ಮಾತಾಡಿ ಹೇಳಿದ, "ಅಕ್ಕಾರ, ನಾವು ಬಣ್ಣ ಹಾಕೋ ಮಂದಿ ಅಲ್ರಿ. ನನ್ನ ಫೋನ್ ಹಾಕಿತ್ತು. ನಡುವ ಇರೂದು ನಮ್ಮ ಅವ್ವನ ವಿಭೂತಿ. ಅದನ್ನ ನೋಡಿ ಬಾಜೂದ್ದು ನೋಡ್ರಿ." ಅವತ್ತ ನನ್ನ ಮೈದುನನ ಬಗ್ಗೆ ನನಗ ಭಾಳ ಅಭಿಮಾನ ಆತು. ಅದನ್ನ ಅಂವಗ ಹೇಳಲಿಲ್ಲ. ಹೇಳಿದ್ರ ತಲಿಮ್ಯಾಲ ಕುಂಡ್ರತಿದ್ದ.

ಅಕ್ಕಾರು ಸಂಜಿನ ಫೋನ್ ಹಚ್ಚಿ ಬರತೀನಂದ್ರು.

ಬಂದಾಗ ಅವರು ಚಾ ಕುಡಿಯಾಕ ಕುಂಡ್ರಲಿಲ್ಲ. ನಡುವಯಸ್ಸಿನವರು, ಕೈಯಾಗ ಬಳಿ ಇಲ್ಲ, ಬಟ್ಟಿನ ತುದಿಯೆಲ್ಲಾ ಖಾರದ ಕೆಲಸಾ ಮಾಡಿ ಕೆಂಪಾಗಿದ್ವು. ಸೀದಾ ಕಣಕ್ಕ ನಡದ್ರು. ತಮ್ಮ ಫೋನ್ ತಗದು ನಾವು ಕಳಿಸಿದ ಫೋಟೋ ತೆರದು, ರಾಶಿಯ ಬಾಜೂಕ ಹಿಡದು, ಒಂದ ಸಲ ಫೋಟೋ, ಒಂದ ಸಲ ರಾಶಿ ನೋಡಿದ್ರು. "ಇದು ಅದ ಐತಿ," ಅಂದ್ರು. ಆಮ್ಯಾಲ ಜವಾರಿ ಕಾಯಿ ಒಂದು ಮುರದು, ಬಟ್ಟ ಹಸಿ ಮಾಡಿಕೊಂಡು, ಸಿಪ್ಪಿ ಅಂಗೈಗೆ ತಿಕ್ಕಿದ್ರು. ಹೈಬ್ರಿಡ್ಡಿಂದು ಇನ್ನೊಂದು ಅಂಗೈಗೆ. ಎರಡೂ ಕೈ ನಮ್ಮ ಮುಂದ ಚಾಚಿದ್ರು. ಒಂದು ಕೈಗೆ ಮದರಂಗಿ ಹಚ್ಚಿದಾಂಗಿತ್ತು.

"ಇದು ಬೇಕು ನನಗ," ಅಂತ ಜವಾರಿ ಕಡೆ ತಿರಗಿದ್ರು. ರಾಶಿ ನೋಡಿ, "ಇಷ್ಟನ ಏನ್ರಿ?" ಅಂದ್ರು.

ನಾ ನಮ್ಮ ಮನಿಯವರ ಮುಖ ನೋಡಿದೆ. ಅವರು ಮೈದುನನ ಮುಖ ನೋಡಿದ್ರು. ಊಟಕ್ಕ ಕುಂತಾಗ ಆದ ಮಾತು ಎಲ್ಲರಿಗೂ ನೆಪ್ಪಿತ್ತು. ಮೈದುನ, "ಈ ವರ್ಷ ಇಷ್ಟ ರೀ ಅಕ್ಕಾರ. ಮುಂದಿನ ವರ್ಷ ಪೂರ್ತಿ ಹೊಲ," ಅಂದ.

ನಾ ಒಳಗ ಹೋದೆ, ಗಿರಮಿಟ್ಟು ಮಾಡತೀನಿ ಅಂತ ಹೇಳಿ. ಅಡಗಿಮನಿಯಾಗ ಒಬ್ಬಾಕಿನ ನಿಂತು ನಕ್ಕೆ. ಅಷ್ಟ ಖುಷಿ ನನಗ ನನ್ನ ಮದಿವಿಯಾಗೂ ಆಗಿರಲಿಲ್ಲ. ಉಳ್ಳಾಗಡ್ಡಿ ಹೆಚ್ಚತಿದ್ದೆ, ಕಣ್ಣಾಗ ನೀರು ಬರಾಕತ್ತಿದ್ವು, ಅದು ಉಳ್ಳಾಗಡ್ಡಿದಲ್ಲ. ಅತ್ತಿ ಹಿಂದಿಂದ ಬಂದು ಗಡಿಗಿಯನ್ನ ಪೆಟ್ಟಿಗಿಯ ಮುಂದಕ ಎಳದಿಟ್ಟು, ಮ್ಯಾಲಿನ ಧೂಳು ಸೆರಗಿಲೆ ಒರಸಿ, "ಚುರಮುರಿಗೆ ಎಣ್ಣಿ ಜಾಸ್ತಿ ಹಾಕು, ಅವರು ದೂರದಿಂದ ಬಂದಾರ," ಅಂದ್ರು.

ಅಕ್ಕಾರು ಹೋಗೂಮುಂದ ಒಂದು ಮಾತು ಹೇಳಿ ಹೋದ್ರು: ಇನ್ನ ಯಾರು ಮೆಣಸಿನಕಾಯಿ ಫೋಟೋ ಕಳಿಸಿದ್ರೂ ಬಾಜೂಕ ವಿಭೂತಿ ಇಟ್ಟ ಕಳಸಬೇಕು, ಇಲ್ಲಂದ್ರ ನೋಡೂದಿಲ್ಲ. ಸುದ್ದಿ ಸಂಘದಿಂದ ಸಂಘಕ್ಕ ಹೋತು. ಈಗ ನಮ್ಮ ವಾಟ್ಸಾಪ್ ಗುಂಪಿನ್ಯಾಗ ಯಾರ ಮೆಣಸಿನಕಾಯಿ ಫೋಟೋ ಬಂದ್ರೂ ಬಾಜೂಕ ಒಂದು ವಿಭೂತಿ ಗಟ್ಟಿ ಇರತೈತಿ. ನಮ್ಮ ಓಣಿಯಾಗ ಬುದ್ಧವಿಹಾರಕ್ಕ ಹೋಗೋ ಮನಿಯವರು ವಿಭೂತಿ ಬದಲಿ ಸಾಲಿಯ ಖಡು ಇಡತಾರ, ಬೋರ್ಡಿನ ಮ್ಯಾಲ ಬರಿಯೋ ಬಿಳಿ ಖಡು. ಅದೂ ನಡೀತೈತಿ ಅಂತ ಅಕ್ಕಾರು ಒಪ್ಪ್ಯಾರ. 'ಇದು ಯಾವ ಕಂಪನಿ ಫೋನಿನ ಫೋಟೋ' ಅಂತ ಕೇಳೂದನ್ನ ಮಂದಿ ಬಿಟ್ಟಾರ. ವಿಭೂತಿ ಬೆಳ್ಳಗ ಐತೇನು ಅಂತ ಕೇಳತಾರ. ಅಗಸಿ ಕಟ್ಟಿಗೆ ಮಾತ್ರ ಬ್ಯಾಟರಿ ವಾದ ಇನ್ನೂ ಐತಿ, ಅದು ಹೋಗೂದಿಲ್ಲ, ಹೋಗೂದೂ ಬ್ಯಾಡ. ಬ್ಯಾಟರಿ ವಿಷಯದಾಗ ನಂದ ಛಲೋ.

ರೋಹಿಣಿ ಮಳಿ ಬಿದ್ದ ಮ್ಯಾಲ ಸಸಿ ಎಬ್ಬಸಾಕ ಅಗಿ ಮಡಿ ತಯಾರ ಮಾಡಿದ್ವಿ. ಅವತ್ತ ಮುಂಜಾನಿ ಮೈದುನ ಜಳಕ ಮಾಡಿ, ಹಣಿಗೆ ವಿಭೂತಿ ಹಚ್ಚಿಕೊಂಡು, ಅಡಗಿಮನಿ ಬಾಗಲದಾಗ ಬಂದು ನಿಂತ. ಹೆಗಲ ಮ್ಯಾಲಿನ ಟುವಾಲು ತಗದು ಎರಡೂ ಕೈಲೆ ಚಾಚಿದ.

"ವೈನಿ, ಬೀಜ ಕೊಡ್ರಿ," ಅಂದ.

ಈ ಮಾತು ಕೇಳಾಕ ನಾ ಎಷ್ಟ ವರ್ಷ ಕಾದಿದ್ದೆ ಅಂತ ಅಂವಗ ಗೊತ್ತಿಲ್ಲ. ಅತ್ತಿ ಗಡಿಗಿಯಾಗ ಕೈ ಹಾಕಿ ಬೂದಿ ಸಮೇತ ಬೀಜ ಅಂವನ ಟುವಾಲಿಗೆ ಹಾಕಿದ್ರು. "ತಡಿ, ಅಲ್ಲಾಡಬ್ಯಾಡ," ಅಂತ ನಾ ಫೋನ್ ತಗದೆ, ನನ್ನ ಎರಡ ಕಣ್ಣಿನ ಫೋನು, ಎಲ್ಲಾ ಅಲಂಕಾರ ಬಂದ್ ಮಾಡಿದ್ದು. ಬೀಜದ ಟುವಾಲು ಚಾಚಿ ನಿಂತ ಮೈದುನನ ಫೋಟೋ ತಗದು ಊರ ಗುಂಪಿಗೆ ಹಾಕಿದೆ.

ಅಂವ ಬೀಜ ಬಗಲಾಗ ಹಿಡಕೊಂಡು ಬಗ್ಗಿ ನೋಡಿದ. "ವೈನಿ, ನನ್ನ ಮುಖ ಭಾಳ ಕಪ್ಪಗ ಬಂದೈತಲ್ರಿ. ಇದನ್ನ ಯಾಕ ಹಾಕಿದ್ರಿ, ಮುಕ್ಕಣ್ಣನ ಕಡಿಂದ ತಗೀಬೇಕಿತ್ತು."

"ಹಣಿ ನೋಡಕೋ," ಅಂದೆ. "ವಿಭೂತಿ ಬೆಳ್ಳಗ ಬಂದೈತಿಲ್ಲೋ?"